ಕೊನೆ ಬಸ್ಸಿಗೆ ಮೊದಲು: ಕಾಲೇಜಿನಲ್ಲಿ ಉಚಿತ ಪ್ರಯೋಗಾತ್ಮಕ ಸಿನಿಮಾ ಸರಣಿ ನಡೆಸುವುದು ಹೇಗೆ

ನಮ್ಮ ಕಾಲೇಜಿನಲ್ಲಿ ನಡೆದ ಮೊದಲ ಸಂಜೆ. ಚಿತ್ರ ಮುಗಿಯಲು ಇನ್ನೂ ಹನ್ನೆರಡು ನಿಮಿಷ ಇತ್ತು. ಅಷ್ಟರಲ್ಲಿ ಅರ್ಧ ಹಾಲ್ ಎದ್ದು ಹೊರಟಿತು. ಯಾರಿಗೂ ಹಿಡಿಸಲಿಲ್ಲ ಅಂದುಕೊಂಡು ಮುಖ ಸಣ್ಣ ಮಾಡಿಕೊಂಡು ಮನೆಗೆ ಹೋದೆ. ಮರುದಿನ ಕಾರಿಡಾರಿನಲ್ಲಿ ಎರಡನೇ ಬಿಎ ಹುಡುಗಿಯೊಬ್ಬಳು ಸಿಕ್ಕಳು. "ಮೇಡಂ, ಆರೂಕಾಲಿಗೆ ನಮ್ಮೂರ ಕಡೆ ಕೊನೆ ಬಸ್ಸು. ಎಷ್ಟೊತ್ತಿಗೆ ಮುಗಿಯುತ್ತೆ ಅಂತ ಮೊದಲೇ ಹೇಳಿದ್ರೆ ಏನಾದ್ರೂ ಮಾಡ್ಕೊಳ್ತಿದ್ವಿ. ಕೊನೆಗೆ ಏನಾಯ್ತು?" ಎಂದಳು.

ಅವತ್ತು ಹಾಕಿದ್ದು 'ವೇವ್‌ಲೆಂತ್'. ಮೈಕೆಲ್ ಸ್ನೋ 1967ರಲ್ಲಿ ಮಾಡಿದ ಚಿತ್ರ. ಒಂದು ದೊಡ್ಡ ಕೋಣೆ. 45 ನಿಮಿಷ ಕ್ಯಾಮೆರಾದ ನೋಟ ಎದುರು ಗೋಡೆಯ ಕಡೆಗೆ ನಿಧಾನಕ್ಕೆ ಜೂಮ್ ಆಗುತ್ತ ಹೋಗುತ್ತದೆ. ಕೊನೆಗೆ ಗೋಡೆಗೆ ಅಂಟಿಸಿದ ಸಮುದ್ರದ ಅಲೆಗಳ ಫೋಟೊ ಪರದೆ ತುಂಬುತ್ತದೆ. ಇಷ್ಟು ಹೇಳಿದೆ. "ಅಯ್ಯೋ, ಅದನ್ನೇ ನೋಡಬೇಕಿತ್ತು!" ಅಂದಳು.

ಮೊದಲ ಸಂಜೆಗೇ ಆ ಚಿತ್ರ ಹಾಕಿದ್ದು ನನ್ನ ತಪ್ಪು, ಬಿಡಿ. ಆದರೆ ಒಂದು ವಿಷಯ ಅವಳಿಂದ ಕಲಿತೆ. ಜನ ಕಷ್ಟದ ಚಿತ್ರಕ್ಕೆ ಅಷ್ಟೇನೂ ಹೆದರುವುದಿಲ್ಲ. ಎಷ್ಟು ಹೊತ್ತು ಕೂರಬೇಕು ಅಂತ ಗೊತ್ತಿಲ್ಲದಿದ್ದರೆ ಹೆದರುತ್ತಾರೆ. ಆಮೇಲೆ ಎದ್ದು ನಿಂತು ಅರ್ಥ ಹೇಳಬೇಕಾಗುತ್ತದೇನೋ ಅಂತ ಹೆದರುತ್ತಾರೆ. ಇವೆರಡನ್ನು ನೀವು ಸರಿ ಮಾಡಿದರೆ, ಕತೆ ಇಲ್ಲದ, ಮಾತಿಲ್ಲದ, ಕೆಲವೊಮ್ಮೆ ಕ್ಯಾಮೆರಾವೇ ಇಲ್ಲದ ಸಿನಿಮಾಗಳನ್ನೂ ಒಂದು ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನಲ್ಲಿ ಆರಾಮಾಗಿ ತೋರಿಸಬಹುದು.

"ನಮ್ಮ ಊರಿನವರಿಗೆ ಇದೆಲ್ಲ ಆಗಲ್ಲ" ಅಂತ ಸ್ಟಾಫ್ ರೂಮಿನಲ್ಲಿ ಒಬ್ಬರಾದರೂ ಹೇಳುತ್ತಾರೆ. ಅವರಿಗೆ ಹೆಗ್ಗೋಡು ನೆನಪಿಸಿ. ಕೆ.ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲೇ ಚಿತ್ರಸಮಾಜ ಶುರು ಮಾಡಿ, ಅಡಿಕೆ ತೋಟಗಳ ನಡುವಿನ ಹಳ್ಳಿಯಲ್ಲಿ ಜಗತ್ತಿನ ಸಿನಿಮಾ ತೋರಿಸಿತು. ಬೆಂಗಳೂರಿನ ಸುಚಿತ್ರಾ ಫಿಲ್ಮ್ ಸೊಸೈಟಿ ಹುಟ್ಟಿದ್ದು ಅದಕ್ಕಿಂತ ಎರಡೇ ವರ್ಷ ಮೊದಲು, 1971ರಲ್ಲಿ.

ಮೊದಲು ಗಡಿಯಾರ, ಆಮೇಲೆ ಚಿತ್ರ

ಒಂದು ಹಾಳೆ ತೆಗೆದುಕೊಳ್ಳಿ. ಕೊನೆ ತರಗತಿ ಎಷ್ಟಕ್ಕೆ ಬಿಡುತ್ತದೆ, ಕೊನೆ ಬಸ್ಸು ಎಷ್ಟಕ್ಕೆ, ಹಾಸ್ಟೆಲ್ ಹುಡುಗಿಯರು ಎಷ್ಟೊತ್ತಿಗೆ ಒಳಗಿರಬೇಕು ಅಂತ ಬರೆಯಿರಿ. ನಮ್ಮಲ್ಲಿ ನಾಲ್ಕಕ್ಕೆ ತರಗತಿ ಮುಗಿಯುತ್ತದೆ. ಟೀ ಕುಡಿದು ಬಂದು ಕೂರಲು ಇಪ್ಪತ್ತು ನಿಮಿಷ. ಬಸ್ ಸ್ಟ್ಯಾಂಡಿಗೆ ನಡೆಯಲು ಹದಿನೈದು. ಎಲ್ಲ ಕಳೆದರೆ ಉಳಿಯುವುದು ಹೆಚ್ಚುಕಡಿಮೆ ಒಂದೂವರೆ ಗಂಟೆ. ಅದರಲ್ಲಿ ಮಾತುಕತೆಗೆ ಇಪ್ಪತ್ತೈದು ನಿಮಿಷ ತೆಗೆದಿಟ್ಟರೆ ಪರದೆಗೆ ಸಿಗುವುದು ಸುಮಾರು 60 ನಿಮಿಷ. ಇದು ಕಡಿಮೆ ಅನ್ನಿಸಬಹುದು. ಪ್ರಯೋಗಾತ್ಮಕ ಸಿನಿಮಾದ ಒಳ್ಳೆಯ ಗುಣ ಏನೆಂದರೆ ಅದರಲ್ಲಿ ಎಷ್ಟೋ ದೊಡ್ಡ ಕೆಲಸಗಳು ಹತ್ತು ನಿಮಿಷದ ಒಳಗೇ ಮುಗಿಯುತ್ತವೆ.

ದಿನವನ್ನೂ ಹೀಗೇ ಆರಿಸಿ. ಸೆಮಿಸ್ಟರ್ ಕ್ಯಾಲೆಂಡರ್ ಮುಂದಿಟ್ಟುಕೊಂಡು ಇಂಟರ್ನಲ್ಸ್, ಯೂತ್ ಫೆಸ್ಟಿವಲ್, ಸ್ಪೋರ್ಟ್ಸ್ ಡೇ ಎಲ್ಲ ಹೊಡೆದು ಹಾಕಿ. ಉಳಿದ ವಾರಗಳಲ್ಲಿ ಹದಿನೈದು ದಿನಕ್ಕೊಂದರಂತೆ ಐದೋ ಆರೋ ಸಂಜೆ ಸಾಕು. ಪ್ರತಿ ಸಲವೂ ವಾರದ ಅದೇ ದಿನ, ಅದೇ ಹೊತ್ತು, ಅದೇ ಹಾಲ್. ಪ್ರತಿ ವಾರ ಮಾಡುತ್ತೇನೆಂದು ಹೊರಟವರು ಮೂರನೇ ವಾರಕ್ಕೆ ಸುಸ್ತಾಗಿ ಕೈಬಿಟ್ಟಿದ್ದನ್ನು ನಾನೇ ನೋಡಿದ್ದೇನೆ.

ಹಾಜರಾತಿ ಕಡ್ಡಾಯ ಮಾಡಬೇಡಿ. ಪ್ರಿನ್ಸಿಪಾಲರು ಒಳ್ಳೆಯ ಮನಸ್ಸಿನಿಂದಲೇ ಸರ್ಕ್ಯುಲರ್ ಹೊರಡಿಸಲು ಬರುತ್ತಾರೆ. ಬೇಡ ಅನ್ನಿ. ಬಲವಂತಕ್ಕೆ ಬಂದ ಇನ್ನೂರು ಜನರಿಗಿಂತ ಸುಮ್ನೆ ಕುತೂಹಲಕ್ಕೆ ಬಂದ ಹದಿನೆಂಟು ಜನ ಮೇಲು.

ಕೀಲಿ, ಕತ್ತಲೆ, ಫ್ಯಾನು

ಹಾಲಿನ ಕೀಲಿ ಯಾರ ಹತ್ತಿರ ಇದೆ? ಅವರೇ ಈ ಸರಣಿಯ ಮುಖ್ಯ ವ್ಯಕ್ತಿ. ನಮ್ಮಲ್ಲಿ ಅಟೆಂಡರ್. ಅವರನ್ನು ಮೊದಲೇ ಕರೆದು ಕೂರಿಸಿ, ಆರು ದಿನಾಂಕಗಳನ್ನೂ ಕೊಟ್ಟು, ಚಿತ್ರ ನೋಡಲು ಅವರಿಗೂ ಕುರ್ಚಿ ಹಾಕಿ. ನಮ್ಮ ಅಟೆಂಡರ್ ಈಗ ಯಾರು ತಡವಾಗಿ ಬಂದರೂ ಬಾಗಿಲಲ್ಲಿ ನಿಲ್ಲಿಸಿ "ಒಂದು ಮುಗೀಲಿ, ಆಮೇಲೆ ಹೋಗಿ" ಅನ್ನುತ್ತಾರೆ. ನಾನು ಹೇಳಿಕೊಟ್ಟದ್ದಲ್ಲ.

ಆಮೇಲೆ ಕತ್ತಲೆ. ಸಂಜೆ ನಾಲ್ಕೂವರೆಯ ಬಿಸಿಲು ಪಶ್ಚಿಮದ ಕಿಟಕಿಯಿಂದ ನೇರ ಪರದೆ ಮೇಲೆ ಬೀಳುತ್ತದೆ. ಕಾಲೇಜಿನ ನೀಲಿ ಪರದೆ ಬಟ್ಟೆ ಇದಕ್ಕೆ ಸಾಲದು. ದಪ್ಪ ಕಪ್ಪು ಬಟ್ಟೆ ತಂದು ಎರಡು ಪದರ ಹೊಲಿಸಿ, ಮೇಲೆ ಹಗ್ಗ ಪೋಣಿಸಿ. ಬಾಗಿಲ ಮೇಲಿನ ವೆಂಟಿಲೇಟರ್ ಗಾಜಿಗೆ ರಟ್ಟು ಅಂಟಿಸಿ. ಮಾಮೂಲಿ ಸಿನಿಮಾ ಸ್ವಲ್ಪ ಬೆಳಕಿದ್ದರೂ ನಡೆಯುತ್ತದೆ, ಕತೆ ಎಳೆದುಕೊಂಡು ಹೋಗುತ್ತದೆ. ಇಲ್ಲಿ ಬೆಳಕು-ನೆರಳೇ ಕತೆ. ಅದು ಮಸುಕಾದರೆ ಏನೂ ಉಳಿಯುವುದಿಲ್ಲ.

ಸದ್ದಿಲ್ಲದ ಚಿತ್ರಕ್ಕೆ ನಮ್ಮ ಹಾಲಿನ ಫ್ಯಾನೇ ಹಿನ್ನೆಲೆ ಸಂಗೀತ. ಸೀಲಿಂಗ್ ಫ್ಯಾನುಗಳಲ್ಲಿ ಯಾವುದು ಕಿರುಗುಟ್ಟುತ್ತದೆ ಅಂತ ಒಂದು ದಿನ ಮೊದಲೇ ಕೇಳಿಸಿಕೊಂಡು, ಅದೊಂದನ್ನು ನಿಲ್ಲಿಸಿ. ಪಕ್ಕದ ಮೈದಾನದಲ್ಲಿ ಕಬಡ್ಡಿ ಅಭ್ಯಾಸ ಇದ್ದರೆ ಅದಕ್ಕೆ ಮಾತ್ರ ಪರಿಹಾರ ಇಲ್ಲ. ಆ ದಿನ ಸದ್ದಿರುವ ಚಿತ್ರ ಹಾಕಿ.

'ಉಚಿತ' ಅಂದಮಾತ್ರಕ್ಕೆ ಕಾನೂನು ಬಿಡುವುದಿಲ್ಲ

ನಾನು ವಕೀಲೆಯಲ್ಲ. ಆದರೂ ಇಷ್ಟು ತಿಳಿದಿರಲೇಬೇಕು. ಟಿಕೆಟ್ ಇಲ್ಲ ಎಂದ ಮೇಲೆ ಯಾವ ಅನುಮತಿಯೂ ಬೇಡ ಅಂತ ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಒಂದು ವಿನಾಯಿತಿ ಇದೆ. ಸಂಸ್ಥೆಯ ಚಟುವಟಿಕೆಯ ಭಾಗವಾಗಿ ಚಿತ್ರ ತೋರಿಸಬಹುದು. ಆದರೆ ನೋಡುವವರು ವಿದ್ಯಾರ್ಥಿಗಳು, ಸಿಬ್ಬಂದಿ, ವಿದ್ಯಾರ್ಥಿಗಳ ತಂದೆತಾಯಿ ಅಥವಾ ಪೋಷಕರು, ಸಂಸ್ಥೆಯ ಕೆಲಸಕ್ಕೆ ನೇರ ಸಂಬಂಧ ಇರುವವರು, ಇಷ್ಟೇ ಜನ ಆಗಿರಬೇಕು. ಗೇಟಿನ ಹೊರಗೆ 'ಸಾರ್ವಜನಿಕರಿಗೆ ಪ್ರವೇಶ ಉಚಿತ' ಅಂತ ಬ್ಯಾನರ್ ಕಟ್ಟಿದಿರೋ, ಆ ವಿನಾಯಿತಿಯನ್ನು ನಂಬಿಕೊಳ್ಳುವಂತಿಲ್ಲ.

ಊರಿನವರೂ ಬರಲಿ ಅನ್ನಿಸಿದರೆ ಎರಡು ಹಾದಿ. ಒಂದು, ಹಕ್ಕು ಇರುವವರಿಂದ ಬರಹದಲ್ಲಿ ಒಪ್ಪಿಗೆ. ಇಮೇಲ್ ಸಾಕು, ಆದರೆ ಇರಲೇಬೇಕು. ಇನ್ನೊಂದು, ಅವಧಿ ಮುಗಿದ ಚಿತ್ರಗಳು. ನಮ್ಮ ದೇಶದಲ್ಲಿ ಸಿನಿಮಾದ ಕೃತಿಸ್ವಾಮ್ಯ ಅದು ಪ್ರಕಟವಾದ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ. ಅಂದರೆ 1960ರಲ್ಲಿ ಬಿಡುಗಡೆಯಾದ ಚಿತ್ರದ್ದು 2020ರ ಕೊನೆಗೆ ಮುಗಿಯಿತು. ಒಂದು ಎಚ್ಚರ: ಹಳೆಯ ಮೂಕಿ ಚಿತ್ರಕ್ಕೆ ಇತ್ತೀಚೆಗೆ ಯಾರಾದರೂ ಹೊಸ ಸಂಗೀತ ಸೇರಿಸಿದ್ದರೆ ಆ ಸಂಗೀತದ ಹಕ್ಕು ಬೇರೆ. ಸದ್ದು ಬಂದ್ ಮಾಡಿ ತೋರಿಸಿ.

ಇದರ ಜೊತೆಗೆ 1952ರ ಸಿನಿಮಾಟೋಗ್ರಾಫ್ ಕಾಯ್ದೆ. ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಪ್ರಮಾಣಪತ್ರ ಬೇಕು. ಪ್ರಯೋಗಾತ್ಮಕ ಚಿತ್ರಗಳಲ್ಲಿ ಬಹಳಷ್ಟಕ್ಕೆ ಅದು ಇರುವುದೇ ಇಲ್ಲ. ಈ ತೊಡಕು ನಮಗೊಬ್ಬರಿಗೇ ಬಂದದ್ದಲ್ಲ. ವಿಯೆನ್ನಾದಿಂದ ವಲಸೆ ಬಂದಿದ್ದ ಅಮೋಸ್ ವೋಗೆಲ್ ಮತ್ತು ಅವರ ಹೆಂಡತಿ ಮಾರ್ಸಿಯಾ 1947ರಲ್ಲಿ ನ್ಯೂಯಾರ್ಕಿನಲ್ಲಿ 'ಸಿನಿಮಾ 16' ಶುರು ಮಾಡಿದಾಗ ಅಲ್ಲಿನ ರಾಜ್ಯ ಸೆನ್ಸಾರ್ ಅಡ್ಡ ಬಂತು. ಅವರು ಅದನ್ನು ಸದಸ್ಯರಿಗೆ ಮಾತ್ರ ಇರುವ ಕ್ಲಬ್ ಮಾಡಿಕೊಂಡರು. 1963ರವರೆಗೆ ನಡೆಸಿದರು. ನಮ್ಮಲ್ಲಿ ಫಿಲ್ಮ್ ಸೊಸೈಟಿಗಳು ಸದಸ್ಯತ್ವದ ಮೇಲೇ ನಡೆದುಕೊಂಡು ಬಂದಿವೆ. ಅವುಗಳ ಒಕ್ಕೂಟ 1959ರಲ್ಲಿ ಆಯಿತು, ಸತ್ಯಜಿತ್ ರಾಯ್ ಮೊದಲ ಅಧ್ಯಕ್ಷರು. ನಿಮ್ಮ ಸರಣಿ ಎರಡು-ಮೂರು ವರ್ಷ ನಿಂತರೆ ಕ್ಯಾಂಪಸ್ ಫಿಲ್ಮ್ ಸೊಸೈಟಿ ಮಾಡಿ ಒಕ್ಕೂಟ ಸೇರುವ ಬಗ್ಗೆ ಯೋಚಿಸಿ. ಮೊದಲ ವರ್ಷಕ್ಕೆ ಕಾಲೇಜಿನ ಒಳಗೇ ಇಟ್ಟುಕೊಳ್ಳಿ.

ಚಿತ್ರ ಎಲ್ಲಿ ಸಿಗುತ್ತವೆ

ಹತ್ತಿರದ್ದರಿಂದ ಶುರು ಮಾಡಿ. ಸರ್ಕಾರದ ಫಿಲ್ಮ್ಸ್ ಡಿವಿಷನ್ ಅಂದರೆ ಥಿಯೇಟರಿನಲ್ಲಿ ಮೇನ್ ಪಿಕ್ಚರ್‌ಗೆ ಮೊದಲು ಬರುತ್ತಿದ್ದ ನೀರಸ ನ್ಯೂಸ್‌ರೀಲ್ ಅಂತ ನಮ್ಮ ತಂದೆಯ ಕಾಲದವರಿಗೆ ನೆನಪು. ಅದೇ ಸಂಸ್ಥೆಯೊಳಗೆ 1960ರ ದಶಕದ ಕೊನೆಗೆ ಭಾರೀ ಆಟ ನಡೆದಿತ್ತು. ಪ್ರಮೋದ್ ಪತಿ ಅನ್ನುವವರು 'ಎಕ್ಸ್‌ಪ್ಲೋರರ್' (1968) ಮಾಡಿದರು. ಏಳು ನಿಮಿಷ, ಕಪ್ಪು-ಬಿಳುಪು, ಕುಣಿಯುವ ಹುಡುಗರು, ದೇವರ ಪಟ, ಯಂತ್ರ ಎಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುತ್ತವೆ. ಅವರದೇ 'ಆಬಿದ್' (1972) ಚಿತ್ರದಲ್ಲಿ ಕಲಾವಿದ ಆಬಿದ್ ಸುರತಿ ಬಿಳಿ ಕೋಣೆಯ ತುಂಬ ಬಣ್ಣ ಬಳಿಯುತ್ತಾರೆ. ಮನುಷ್ಯನನ್ನೇ ಗೊಂಬೆಯ ಹಾಗೆ ಒಂದೊಂದೇ ಫ್ರೇಮ್ ಹಿಡಿದು ಕುಣಿಸಿದ ಚಿತ್ರ ಅದು. ಎಂ.ಎಫ್. ಹುಸೇನ್ ರಾಜಸ್ಥಾನದಲ್ಲಿ ತೆಗೆದ 'ಥ್ರೂ ದಿ ಐಸ್ ಆಫ್ ಎ ಪೇಂಟರ್' 1967ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಕಿರುಚಿತ್ರಕ್ಕೆ ಚಿನ್ನದ ಕರಡಿ ಗೆದ್ದಿತು. ಎಸ್.ಎನ್.ಎಸ್. ಶಾಸ್ತ್ರಿಯವರ 'ಐ ಆಮ್ 20' (1967) ಸ್ವಾತಂತ್ರ್ಯ ಬಂದ ವರ್ಷ ಹುಟ್ಟಿದವರನ್ನು ಮಾತಾಡಿಸುತ್ತದೆ. ಅದನ್ನು ಇಪ್ಪತ್ತು ವರ್ಷದ ವಿದ್ಯಾರ್ಥಿಗಳ ಮುಂದೆ ಹಾಕಿ ನೋಡಿ. ಫಿಲ್ಮ್ಸ್ ಡಿವಿಷನ್ 2022ರಲ್ಲಿ ಸರ್ಕಾರದ್ದೇ ಸಿನಿಮಾ ನಿಗಮವಾದ ಎನ್‌ಎಫ್‌ಡಿಸಿ ಜೊತೆ ಸೇರಿತು. ಒಪ್ಪಿಗೆ, ಚಿತ್ರದ ಪ್ರತಿ, ಎರಡಕ್ಕೂ ಅವರಿಗೇ ಬರೆಯಬೇಕು.

ಹೊರಗಿನದಕ್ಕೆ ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್‌ನ ಜಾಲತಾಣ ನೋಡಿ. ಅನಿಮೇಷನ್ ಮಾಡುತ್ತಿದ್ದ ನಾರ್ಮನ್ ಮೆಕ್ಲಾರೆನ್‌ನ ಚಿತ್ರಗಳು ಅಲ್ಲಿವೆ. ನ್ಯೂಯಾರ್ಕಿನ ಫಿಲ್ಮ್‌ಮೇಕರ್ಸ್ ಕೋಆಪರೇಟಿವ್, ಕ್ಯಾಲಿಫೋರ್ನಿಯಾದ ಕ್ಯಾನ್ಯನ್ ಸಿನಿಮಾ, ಲಂಡನ್ನಿನ ಲಕ್ಸ್, ಪ್ಯಾರಿಸ್ಸಿನ ಲೈಟ್ ಕೋನ್, ಇವು ಕಲಾವಿದರ ಚಿತ್ರಗಳನ್ನು ಬಾಡಿಗೆಗೆ ಕೊಡುವ ಸಂಸ್ಥೆಗಳು. ಬಾಡಿಗೆ ನಮ್ಮ ಕಾಲೇಜಿಗೆ ಜಾಸ್ತಿಯೇ. ಆದರೂ ಒಂದು ಸೆಮಿಸ್ಟರಿಗೆ ಒಂದು ಚಿತ್ರವನ್ನಾದರೂ ಹೀಗೆ ತರಿಸಿ. ನಿಮ್ಮ ಕಾಲೇಜು ಎಂಥದ್ದು, ಎಷ್ಟು ಜನ ಬರುತ್ತಾರೆ, ಟಿಕೆಟ್ ಇಲ್ಲ ಅಂತ ನೇರವಾಗಿ ಬರೆಯಿರಿ. ಸಂಕೋಚ ಬೇಡ, ದರ ಇಳಿಸಿ ಅಂತ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಬೆಂಗಳೂರನ್ನು ಮರೆಯಬೇಡಿ. ಶಾಯಿ ಹೆರೇಡಿಯಾ 2003ರಲ್ಲಿ ಶುರು ಮಾಡಿದ 'ಎಕ್ಸ್‌ಪೆರಿಮೆಂಟಾ' ಉತ್ಸವ ಆಮೇಲೆ ನಮ್ಮ ರಾಜಧಾನಿಗೇ ಬಂತು. ಅದರ ಹಳೆಯ ಕಾರ್ಯಕ್ರಮ ಪಟ್ಟಿಗಳನ್ನು ಓದುವುದೇ ಒಂದು ಪಾಠ. ಆಯಿಷಾ ಅಬ್ರಹಾಂ ಅವರ 'ಸ್ಟ್ರೇಟ್ 8' (2005) ಬೆಂಗಳೂರಿನ ಒಬ್ಬ ಹವ್ಯಾಸಿ ತೆಗೆದಿದ್ದ ಹಳೆಯ 8 ಎಂಎಂ ರೀಲುಗಳಿಂದ ಹುಟ್ಟಿದ್ದು. ಇಂಥವರನ್ನು ಕರೆಯಬಹುದು, ಬರುತ್ತಾರೆ ಕೂಡ.

ಯೂಟ್ಯೂಬಿನಲ್ಲಿ ಸಿಗುವ ಮಸುಕು ಪ್ರತಿಗಳು ನೀವು ಆಯ್ಕೆ ಮಾಡಲಿಕ್ಕೆ ಸರಿ. ಹತ್ತಡಿ ಪರದೆಗೆ ಹಾಕಲಿಕ್ಕಲ್ಲ.

ಒಂದು ಸಂಜೆ ಕಟ್ಟುವ ಬಗೆ

ಇದು ನನಗೆ ತುಂಬ ಇಷ್ಟದ ಭಾಗ. ಚಿತ್ರಗಳನ್ನು ಆರಿಸುವುದು ಅರ್ಧ ಕೆಲಸ. ಯಾವುದರ ಹಿಂದೆ ಯಾವುದು ಅನ್ನುವುದು ಇನ್ನರ್ಧ. ಮದುವೆ ಊಟದ ಎಲೆಯಲ್ಲಿ ಉಪ್ಪು ಎಲ್ಲಿ, ಪಾಯಸ ಯಾವಾಗ ಅಂತ ಇರುತ್ತಲ್ಲ, ಹಾಗೆ. ನಮ್ಮಲ್ಲಿ ಚೆನ್ನಾಗಿ ನಡೆದ ಒಂದು ಸಂಜೆಯನ್ನು ಬಿಡಿಸಿ ಹೇಳುತ್ತೇನೆ.

ಮೊದಲು 'ಆಬಿದ್', ಐದು ನಿಮಿಷ. ಬಣ್ಣ, ವೇಗ, ನಗು. ಕೂತವರ ಬೆನ್ನು ನೆಟ್ಟಗಾಗುತ್ತದೆ. ಕತೆ ಇಲ್ಲ ಅನ್ನುವುದು ಯಾರಿಗೂ ನೆನಪಾಗುವುದಿಲ್ಲ.

ಅದರ ಹಿಂದೆಯೇ ಮೆಕ್ಲಾರೆನ್‌ನ 'ನೇಬರ್ಸ್' (1952), ಎಂಟು ನಿಮಿಷ. ಇಲ್ಲೂ ಮನುಷ್ಯರನ್ನು ಫ್ರೇಮ್ ಫ್ರೇಮ್ ಆಗಿ ಜರುಗಿಸಿದ್ದಾರೆ. ಎರಡು ಮನೆ, ನಡುವಿನ ಗಡಿಯಲ್ಲಿ ಒಂದು ಹೂವು, ಅದಕ್ಕೆ ಜಗಳ. ನಮ್ಮೂರಿನಲ್ಲಿ ಜಮೀನಿನ ಬದುವಿಗೆ ಕೋರ್ಟು ಮೆಟ್ಟಿಲು ಹತ್ತಿದವರ ಮಕ್ಕಳೇ ಹಾಲಿನಲ್ಲಿ ಇದ್ದರು. ಮೊದಲು ನಕ್ಕರು. ಜಗಳ ಹೆಂಡತಿ-ಮಗುವಿನ ತನಕ ಹೋದಾಗ ನಗು ನಿಂತಿತು. ಈ ಚಿತ್ರದಲ್ಲಿ ಕೇಳುವ ಸದ್ದನ್ನು ಯಾವ ವಾದ್ಯವೂ ನುಡಿಸಿಲ್ಲ, ಗೆರೆಗಳ ಚಿತ್ರಗಳನ್ನು ಫಿಲ್ಮಿನ ಅಂಚಿನ ಸೌಂಡ್ ಪಟ್ಟಿಗೆ ಇಳಿಸಿ ಹುಟ್ಟಿಸಿದ್ದು. ಅದನ್ನು ಚಿತ್ರ ಮುಗಿದ ಮೇಲೆ ಹೇಳಿ. ಮೊದಲೇ ಹೇಳಿದರೆ ಎಲ್ಲರೂ ಅದನ್ನೇ ಕೇಳುತ್ತ ಕೂರುತ್ತಾರೆ.

ಮೂರನೆಯದು ಅವನದೇ 'ಬಿಗಾನ್ ಡಲ್ ಕೇರ್' (1949), ಎವೆಲಿನ್ ಲ್ಯಾಂಬಾರ್ಟ್ ಜೊತೆ ಮಾಡಿದ್ದು. ಆಸ್ಕರ್ ಪೀಟರ್ಸನ್‌ನ ಜಾಝ್ ಪಿಯಾನೋಗೆ ಬಣ್ಣ, ಗೀರು, ಚುಕ್ಕಿಗಳು ನೇರ ಫಿಲ್ಮಿನ ಮೇಲೆ. ಇಲ್ಲಿಗೆ ಮನುಷ್ಯರು ಪರದೆಯಿಂದ ಹೋದರು. ಯಾರೂ ಗಮನಿಸಲಿಲ್ಲ.

ಆಮೇಲೆ 'ಎಕ್ಸ್‌ಪ್ಲೋರರ್'. ಗದ್ದಲ ಅಂದರೆ ಗದ್ದಲ. ಅದು ಮುಗಿದ ಮೇಲೆ ಹತ್ತು ಸೆಕೆಂಡ್ ಕಪ್ಪು. ಆಮೇಲೆ ಸ್ಟ್ಯಾನ್ ಬ್ರ್ಯಾಕೇಜ್‌ನ 'ಮಾಥ್‌ಲೈಟ್' (1963), ಸುಮಾರು ನಾಲ್ಕು ನಿಮಿಷ, ಒಂದು ಸದ್ದೂ ಇಲ್ಲ. ಗದ್ದಲದ ನಂತರ ಬಂದ ಮೌನ ಕಿವಿಗೆ ಹಾಯಾಗಿತ್ತು. ಅದೇ ಚಿತ್ರವನ್ನು ಮೊದಲಿಗೆ ಹಾಕಿದ್ದರೆ "ಸೌಂಡ್ ಬರ್ತಿಲ್ಲ!" ಅಂತ ಹಿಂದಿನ ಸಾಲು ಕೂಗುತ್ತಿತ್ತು. ಮುಗಿದ ಕೂಡಲೇ "ಇನ್ನೊಂದು ಸಲ ಹಾಕ್ತೀವಿ" ಅಂದೆವು. ಮೊದಲ ಸಲ ಏನು ಓಡಿತು ಅಂತ ತಿಳಿಯದವರು ಎರಡನೇ ಸಲ ರೆಕ್ಕೆ, ಎಲೆಯ ನರ, ಹುಲ್ಲಿನ ಎಳೆ ಹಿಡಿದರು. ಐದು ನಿಮಿಷದ ಒಳಗಿನ ಚಿತ್ರವನ್ನು ಎರಡು ಸಲ ತೋರಿಸುವುದು ಒಳ್ಳೆಯ ಅಭ್ಯಾಸ. ನೋಡುವವರಿಗೆ ಭಯ ಹೋಗುತ್ತದೆ.

ಕೊನೆಗೆ ಹುಸೇನರ ಚಿತ್ರ, ಹದಿನೈದು ನಿಮಿಷಕ್ಕೆ ಸ್ವಲ್ಪ ಹೆಚ್ಚು. ಮಾತು ಇಲ್ಲವೆನ್ನುವಷ್ಟು ಕಡಿಮೆ. ಕೊಡೆ, ಚಪ್ಪಲಿ, ಲಾಂದ್ರ, ಮರುಭೂಮಿಯ ಊರು. ಮತ್ತೆ ಮನುಷ್ಯರು, ಮತ್ತೆ ಮಣ್ಣು. ಎಲ್ಲ ಸೇರಿ ಐವತ್ತೈದು ನಿಮಿಷದ ಒಳಗೆ. ಆರೂಕಾಲಿನ ಬಸ್ಸು ಸಿಕ್ಕಿತು.

ವೋಗೆಲ್ ಇದನ್ನು ಇನ್ನೂ ಧೈರ್ಯವಾಗಿ ಮಾಡುತ್ತಿದ್ದರು. ಒಂದೇ ಸಂಜೆಯಲ್ಲಿ ವಿಜ್ಞಾನದ ಚಿತ್ರ, ಸಾಕ್ಷ್ಯಚಿತ್ರ, ಅಮೂರ್ತ ಅನಿಮೇಷನ್ ಪಕ್ಕಪಕ್ಕ ಇಡುತ್ತಿದ್ದರು. ನಿಮ್ಮ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಸೂಕ್ಷ್ಮದರ್ಶಕದ ವಿಡಿಯೊ ಇದ್ದರೆ ಒಮ್ಮೆ 'ಮಾಥ್‌ಲೈಟ್' ಪಕ್ಕ ಇಟ್ಟು ನೋಡಿ.

ಉಳಿದ ಸಂಜೆಗಳಿಗೆ ಕೆಲವು ಗುಟ್ಟು

ಮಾಯಾ ಡೆರೆನ್ ಮತ್ತು ಅಲೆಕ್ಸಾಂಡರ್ ಹಮಿದ್ ಮಾಡಿದ 'ಮೆಷಸ್ ಆಫ್ ದಿ ಆಫ್ಟರ್‌ನೂನ್' (1943) ಬರೀ 14 ನಿಮಿಷ. ಮಾಡಿದಾಗ ಅದಕ್ಕೆ ಸದ್ದಿರಲಿಲ್ಲ. ಟೈಜಿ ಇಟೊ ಅವರ ಸಂಗೀತ ಸೇರಿದ್ದು 1959ರಲ್ಲಿ. ಮೊದಲು ಸದ್ದಿಲ್ಲದೆ, ನಡುವೆ ಸ್ವಲ್ಪ ಮಾತಾಡಿ, ಆಮೇಲೆ ಸದ್ದಿನೊಂದಿಗೆ ತೋರಿಸಿ. ಸಂಗೀತ ಏನು ಮಾಡುತ್ತದೆ ಅಂತ ಒಂದು ಇಡೀ ಪಾಠದಲ್ಲಿ ಹೇಳಲಾಗದ್ದು ಅಲ್ಲಿ ತಾನಾಗಿ ತಿಳಿಯುತ್ತದೆ.

ವಿಡಿಯೊಗೆ ಒಂದು ದಿನ ಮೀಸಲಿಡಿ. 1960ರ ದಶಕದ ಕೊನೆಗೆ ಸೋನಿಯ ಪೋರ್ಟಾಪ್ಯಾಕ್ ಬಂದು, ಹೆಗಲಿಗೆ ಹಾಕಿಕೊಂಡು ಹೋಗುವ ವಿಡಿಯೊ ಕಲಾವಿದರ ಕೈಗೆ ಸಿಕ್ಕಿತು. ಆದರೆ ನಮ್ಮ ಹುಡುಗರಿಗೆ ಹತ್ತಿರದ್ದು ಮೊಬೈಲ್. ಮುಂಬೈನ 'ಕ್ಯಾಂಪ್' ಅನ್ನುವ ಕಲಾವಿದರ ಗುಂಪಿನ 'ಫ್ರಮ್ ಗಲ್ಫ್ ಟು ಗಲ್ಫ್ ಟು ಗಲ್ಫ್' (2013) ಕಛ್‌ನಿಂದ ಕೊಲ್ಲಿ ದೇಶಗಳಿಗೆ ಮರದ ಹಡಗು ನಡೆಸುವ ನಾವಿಕರು ತಮ್ಮ ಮೊಬೈಲಿನಲ್ಲೇ ತೆಗೆದ ವಿಡಿಯೊಗಳಿಂದ ಆದದ್ದು. 83 ನಿಮಿಷ. ಸಂಜೆ ಬಸ್ಸಿಗೆ ಹೊಂದುವುದಿಲ್ಲ, ಶನಿವಾರ ಮಧ್ಯಾಹ್ನ ಇಡಿ.

ಸೆಮಿಸ್ಟರಿನ ಕೊನೆಗೆ ಜೀಗಾ ವೆರ್ತೊವ್‌ನ 'ಮ್ಯಾನ್ ವಿತ್ ಎ ಮೂವಿ ಕ್ಯಾಮೆರಾ' (1929) ಇಟ್ಟು, ಮೂಲದಲ್ಲಿ ಮೂಕಿಯಾದ ಆ 68 ನಿಮಿಷಕ್ಕೆ ನಿಮ್ಮ ವಿದ್ಯಾರ್ಥಿಗಳಿಂದಲೇ ನುಡಿಸಿ. ತಬಲಾ, ಕೀಬೋರ್ಡ್, ಡೊಳ್ಳು, ಏನಿದೆಯೋ ಅದು. ಎರಡು ವಾರ ಮೊದಲೇ ಅವರಿಗೆ ಚಿತ್ರ ಕೊಡಿ. ಸಿನಿಮಾಕ್ಕೆ ಬರದ ಉಪನ್ಯಾಸಕರೂ ಅವತ್ತು ಬರುತ್ತಾರೆ.

ವಿದ್ಯಾರ್ಥಿಗಳ ಚಿತ್ರಕ್ಕೂ ಒಂದು ಸಂಜೆ ಇರಲಿ, ಆದರೆ ಕಟ್ಟುಪಾಡು ಹಾಕಿ. 1895ರಲ್ಲಿ ಲೂಮಿಯೇರ್ ಸೋದರರ ಚಿತ್ರಗಳು ಸುಮಾರು 50 ಸೆಕೆಂಡಿನವು, ಒಂದೇ ಶಾಟ್. ಅದೇ ನಿಯಮ: ಮೊಬೈಲ್ ಸ್ಟ್ಯಾಂಡಿನ ಮೇಲೆ, 50 ಸೆಕೆಂಡ್, ಒಂದೇ ಶಾಟ್, ಸದ್ದಿಲ್ಲ, ಎಡಿಟ್ ಇಲ್ಲ. ನಿಯಮ ಇಲ್ಲದಿದ್ದರೆ ಇಪ್ಪತ್ತು ನಿಮಿಷದ ಪ್ರೇಮ ವೈಫಲ್ಯದ ಕಿರುಚಿತ್ರಗಳು ಬರುತ್ತವೆ. ನಮಗೆ ಬಂದವುಗಳಲ್ಲಿ ಒಂದು ಹಾಲು ಉಕ್ಕುವುದಕ್ಕೆ ಮುಂಚಿನ 50 ಸೆಕೆಂಡ್. ಇಡೀ ಹಾಲ್ ಉಸಿರು ಹಿಡಿದು ನೋಡಿತು.

ಎಲ್ಲ ಚಿತ್ರವನ್ನೂ ಪೂರ್ತಿ ನೀವೇ ಮೊದಲು ನೋಡಿ

ಓಡಿಸಿ ಓಡಿಸಿ ನೋಡಬೇಡಿ. ಬ್ರ್ಯಾಕೇಜ್‌ನದೇ ಒಂದು ಪ್ರಸಿದ್ಧ ಚಿತ್ರದಲ್ಲಿ ಹೆರಿಗೆ ಪೂರ್ತಿ ಇದೆ. ತೋರಿಸಬಾರದು ಅಂತಲ್ಲ. ಗೊತ್ತಿಲ್ಲದೆ ತೋರಿಸಬಾರದು. ಪ್ರಿನ್ಸಿಪಾಲರಿಗೆ ಮೊದಲೇ ಹೇಳಿ, ನೋಡುವವರಿಗೂ ಹೇಳಿ. ಬೆಳಕು ಬಡಬಡನೆ ಮಿಟುಕುವ ಚಿತ್ರಗಳಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಟೋನಿ ಕಾನ್ರಾಡ್‌ನ 'ದಿ ಫ್ಲಿಕರ್' (1966) ಬರೀ ಕಪ್ಪು ಮತ್ತು ಬಿಳಿ ಫ್ರೇಮುಗಳದ್ದು. ಅದರ ಆರಂಭದಲ್ಲೇ ಎಚ್ಚರಿಕೆ ಇದೆ, ಏಕೆಂದರೆ ಇಂಥ ಮಿಟುಕಿನಿಂದ ಮೂರ್ಛೆರೋಗ ಇರುವವರಿಗೆ ಫಿಟ್ಸ್ ಬರಬಹುದು. ಪೋಸ್ಟರಿನಲ್ಲಿ ಬರೆಯಿರಿ, ಬಾಗಿಲಲ್ಲಿ ಅಂಟಿಸಿ, ಶುರುವಿಗೆ ಮೊದಲು ಬಾಯಲ್ಲೂ ಹೇಳಿ. ಫಿಟ್ಸ್ ಇರುವುದನ್ನು ಎಲ್ಲರ ಎದುರು ಹೇಳಿಕೊಳ್ಳಲು ಯಾರಿಗೂ ಇಷ್ಟ ಇರುವುದಿಲ್ಲ. ಹಾಗಾಗಿ "ಯಾರಿಗೆ ಬೇಡವೋ ಟೀ ಕುಡಿದು ಬನ್ನಿ" ಅನ್ನಿ, ಕಾರಣ ಕೇಳಬೇಡಿ.

ಹಿಂದಿನ ದಿನದ ತಾಲೀಮು

ಎಲ್ಲ ಫೈಲುಗಳನ್ನೂ ಲ್ಯಾಪ್‌ಟಾಪಿಗೆ ಇಳಿಸಿಕೊಂಡಿರಬೇಕು. ಕಾಲೇಜು ವೈಫೈ ನಂಬಿದವರು ಕೆಟ್ಟರು. ಇನ್ನೊಂದು ಪ್ರತಿ ಪೆನ್‌ಡ್ರೈವಿನಲ್ಲಿ ಇರಲಿ. ವಿಎಲ್‌ಸಿ ಪ್ಲೇಯರ್‌ನಲ್ಲಿ ಪ್ಲೇಲಿಸ್ಟ್ ಮಾಡಿ, ಎರಡು ಚಿತ್ರಗಳ ನಡುವೆ ಹತ್ತು ಸೆಕೆಂಡಿನ ಕಪ್ಪು ಚಿತ್ರ ಸೇರಿಸಿ. ಇಲ್ಲವಾದರೆ ಒಂದೊಂದು ಚಿತ್ರ ಮುಗಿದಾಗಲೂ ನಿಮ್ಮ ಡೆಸ್ಕ್‌ಟಾಪ್, ನಿಮ್ಮ ಮಗುವಿನ ಹುಟ್ಟುಹಬ್ಬದ ಫೋಟೊ ಎಲ್ಲರಿಗೂ ಕಾಣುತ್ತದೆ. ವಾಟ್ಸಾಪ್ ಮುಚ್ಚಿ, ನೋಟಿಫಿಕೇಷನ್, ಸ್ಕ್ರೀನ್ ಸೇವರ್, ಅಪ್‌ಡೇಟ್ ಎಲ್ಲ ಆರಿಸಿ.

ಚಿತ್ರದ ಅಳತೆ ನೋಡಿ. ಮೇಲೆ ಹೇಳಿದ ಹಳೆಯ ಚಿತ್ರಗಳೆಲ್ಲ 4:3 ಅಳತೆಯವು, ಅಂದರೆ ಅಗಲ ನಾಲ್ಕು ಪಾಲು, ಎತ್ತರ ಮೂರು ಪಾಲು. ಪ್ರೊಜೆಕ್ಟರ್ 16:9ಕ್ಕೆ ಹಿಗ್ಗಿಸಿದರೆ ಎಲ್ಲರೂ ದಪ್ಪಗಾಗುತ್ತಾರೆ. ನಾನು ಒಮ್ಮೆ ಮಾಯಾ ಡೆರೆನ್‌ಳನ್ನು ಹಾಗೇ ಹದಿನಾಲ್ಕು ನಿಮಿಷ ಹಿಗ್ಗಿಸಿ ತೋರಿಸಿದ್ದೇನೆ. ಎರಡೂ ಬದಿ ಕಪ್ಪು ಪಟ್ಟಿ ಇದ್ದರೆ ಅದೇ ಸರಿ. ಪ್ರೊಜೆಕ್ಟರಿನ ಬಣ್ಣದ ಸೆಟ್ಟಿಂಗ್ 'ಸಿನಿಮಾ'ಗೆ ಇಡಿ. ಪವರ್‌ಪಾಯಿಂಟಿಗೆ ಇಟ್ಟ ಸೆಟ್ಟಿಂಗ್‌ನಲ್ಲಿ ಕಪ್ಪೆಲ್ಲ ಬೂದಿಯಾಗುತ್ತದೆ. ಸದ್ದಿಗೆ ಭಾಷಣದ ಮೈಕ್ ಸ್ಪೀಕರಿಗಿಂತ ಎರಡು ಸಾಧಾರಣ ಸ್ಪೀಕರ್ ಪರದೆಯ ಪಕ್ಕ ಇಟ್ಟರೆ ಮೇಲು. ಕರೆಂಟು ಹೋದರೆ ಪ್ರೊಜೆಕ್ಟರಿಗೆ ಯುಪಿಎಸ್ ಇರಲಿ. ಇಲ್ಲದಿದ್ದರೆ ಕತ್ತಲಲ್ಲೇ ಚರ್ಚೆ ಶುರು ಮಾಡಿ. ನಮ್ಮ ಒಂದು ಒಳ್ಳೆಯ ಚರ್ಚೆ ಹಾಗೇ ಆಗಿದ್ದು.

ಒಂದು ಹಾಳೆ ಟಿಪ್ಪಣಿ

ಕನ್ನಡದಲ್ಲಿ, ಒಂದೇ ಹಾಳೆ, ಜೆರಾಕ್ಸ್. ಮೇಲ್ಗಡೆ ದೊಡ್ಡದಾಗಿ: 'ಶುರು 4.30, ಚಿತ್ರ ಮುಗಿಯುವುದು 5.30, ಹೊರಡುವುದು 5.55.' ಕೆಳಗೆ ಒಂದೊಂದು ಚಿತ್ರಕ್ಕೆ ನಾಲ್ಕೈದು ಸಾಲು. ನಮ್ಮದೊಂದು ಮಾದರಿ:

"ಮಾಥ್‌ಲೈಟ್, 1963. ಸ್ಟ್ಯಾನ್ ಬ್ರ್ಯಾಕೇಜ್, ಅಮೆರಿಕ. ಸುಮಾರು 4 ನಿಮಿಷ. ಸದ್ದಿಲ್ಲ, ಸ್ಪೀಕರ್ ಕೆಟ್ಟಿಲ್ಲ! ಈ ಚಿತ್ರಕ್ಕೆ ಕ್ಯಾಮೆರಾ ಬಳಸಿಲ್ಲ. ಪತಂಗದ ರೆಕ್ಕೆ, ಎಲೆ, ಹುಲ್ಲಿನ ಚೂರುಗಳನ್ನು ಪಾರದರ್ಶಕ ಟೇಪಿನ ನಡುವೆ ಒತ್ತಿ, ಅದನ್ನೇ ಫಿಲ್ಮ್ ಮಾಡಿದ್ದು. ಮಳೆ ಬಂದ ರಾತ್ರಿ ಟ್ಯೂಬ್‌ಲೈಟಿಗೆ ಮುತ್ತುವ ಹುಳುಗಳನ್ನು ನೆನಪಿಸಿಕೊಳ್ಳಿ. ಎರಡು ಸಲ ತೋರಿಸುತ್ತೇವೆ."

ಅರ್ಥ ಬರೆಯಬೇಡಿ. 'ಮಾನವನ ಅಸ್ತಿತ್ವದ ತಲ್ಲಣ' ಅಂತ ಒಂದು ಸಾಲು ಬರೆದರೆ ಸಾಕು, ಎಲ್ಲರೂ ಪರದೆ ಬಿಟ್ಟು ತಲ್ಲಣ ಹುಡುಕುತ್ತಾರೆ.

ಆ ಸಂಜೆ

ಮೂರು ನಿಮಿಷಕ್ಕಿಂತ ಜಾಸ್ತಿ ಮಾತಾಡಬೇಡಿ. ಎಷ್ಟು ಚಿತ್ರ, ಎಷ್ಟು ಹೊತ್ತು, ಬೇಜಾರಾದರೆ ಎದ್ದು ಹೋಗಬಹುದು, ಇಷ್ಟು ಸಾಕು. ಮುಖ್ಯ ಅತಿಥಿ, ಹಾರ, ಸ್ವಾಗತ ಗೀತೆ ಏನೂ ಬೇಡ. ವರದಿಗೆ ಜಿಯೋಟ್ಯಾಗ್ ಫೋಟೊ ಬೇಕೇ ಬೇಕು ಅಂತ ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಐಕ್ಯೂಎಸಿ ಸಮಿತಿಯವರು ಕೇಳುತ್ತಾರೆ. ದೀಪ ಆರಿಸುವ ಮುಂಚೆ ತೆಗೆದು ಮುಗಿಸಿ. ಕತ್ತಲಲ್ಲಿ ಫ್ಲ್ಯಾಶ್ ಹೊಡೆದವರನ್ನು ನಾನು ಇನ್ನೂ ಕ್ಷಮಿಸಿಲ್ಲ.

ಮುಗಿದ ಮೇಲೆ "ಅರ್ಥ ಆಯ್ತಾ?" ಅಂತ ಕೇಳಲೇಬೇಡಿ. ಆಲಾಪನೆ ಕೇಳಿ ಬಂದವರನ್ನು ಹಾಗೆ ಕೇಳುತ್ತೇವಾ? "ಏನು ಕಂಡಿತು?" ಅಂತ ಕೇಳಿ. "ಯಾವ ಜಾಗದಲ್ಲಿ ಬೇಜಾರಾಯ್ತು?" ಇನ್ನೂ ಒಳ್ಳೆಯ ಪ್ರಶ್ನೆ, ಅದಕ್ಕೆ ಎಲ್ಲರ ಬಳಿಯೂ ಉತ್ತರ ಇರುತ್ತದೆ. ಮೊದಲು ವಿದ್ಯಾರ್ಥಿಗಳು, ಆಮೇಲೆ ಉಪನ್ಯಾಸಕರು. ಈ ಸಾಲು ತಪ್ಪಿದರೆ ಒಬ್ಬರೇ ಹದಿನೈದು ನಿಮಿಷ ತಿಂದುಬಿಡುತ್ತಾರೆ. ಅವರು ಯಾರು ಅಂತ ನಿಮ್ಮ ಕಾಲೇಜಿನಲ್ಲಿ ನಿಮಗೆ ಗೊತ್ತಿರುತ್ತದೆ.

ದುಡ್ಡು

ಉಚಿತ ಅನ್ನುವುದು ನೋಡುವವರಿಗೆ. ನಿಮಗೆ ಖರ್ಚಿದೆ: ಬಟ್ಟೆ, ಕೇಬಲ್, ಜೆರಾಕ್ಸ್, ಟೀ. ಇದಿಷ್ಟನ್ನೂ ವಿದ್ಯಾರ್ಥಿ ಸಂಘದ ಹಣದಲ್ಲಿ ತೂಗಿಸಬಹುದು. ಆದರೆ ಈಗ ಚಿತ್ರ ಮಾಡುತ್ತಿರುವ ಕಲಾವಿದರಿಗೆ ಸ್ವಲ್ಪವಾದರೂ ಕೊಡಿ. ನಾವು ಒಂದು ಚಿತ್ರಕ್ಕೆ 1,500 ರೂಪಾಯಿ ಕೊಟ್ಟೆವು. ಕಡಿಮೆ, ಗೊತ್ತು. ಟೀಗೆ ಅದಕ್ಕಿಂತ ಜಾಸ್ತಿ ಖರ್ಚಾಗಿತ್ತು ಅನ್ನುವುದು ಲೆಕ್ಕ ಬರೆಯುವಾಗ ಕಂಡು ನಾಚಿಕೆಯಾಯಿತು. ಮುಂದಿನ ಸೆಮಿಸ್ಟರಿಗೆ ಬಿಸ್ಕತ್ ಬಿಟ್ಟೆವು.

ಒಂದು ನೋಟ್‌ಬುಕ್ ಇಡಿ. ಎಷ್ಟು ಜನ ಬಂದರು, ಯಾವ ಚಿತ್ರಕ್ಕೆ ಎಷ್ಟು ಜನ ಎದ್ದು ಹೋದರು, ಯಾವ ಫ್ಯಾನು ಕಿರುಗುಟ್ಟಿತು, ಯಾರು ಏನು ಕೇಳಿದರು ಅಂತ ಅವತ್ತೇ ಬರೆಯಿರಿ. ಕಪ್ಪು ಬಟ್ಟೆ ಮಡಚಿ ಬೀರುವಿಗೆ ಇಟ್ಟು, ಕೀಲಿ ಅಟೆಂಡರ್ ಕೈಗೆ ಕೊಟ್ಟು, ಹೊರಡುವ ಮೊದಲು ಮುಂದಿನ ಸಂಜೆಯ ತಾರೀಖು ಬೋರ್ಡಿನ ಮೇಲೆ ಬರೆದು ಹೋಗಿ. ಮುಗಿಯುವ ಹೊತ್ತನ್ನೂ ಬರೆಯಿರಿ.